ದುಡ್ಡಲ್ಲಿ ಅಲ್ಲ, ನಿಮ್ಮ ಬೆಳೆಯಲ್ಲಿ ಅಳೆದು ನೋಡಿ: ಮನೆ ಖರ್ಚು ಏರಿದ ಲೆಕ್ಕ

ವಾಟ್ಸಾಪ್ ಗ್ರೂಪುಗಳಲ್ಲಿ ತಿಂಗಳಿಗೆ ಒಂದು ಸಲವಾದ್ರೂ ಈ ಥರದ ಚಿತ್ರ ಬಂದೇ ಬರುತ್ತೆ. 1970ರಲ್ಲಿ 10 ಗ್ರಾಂ ಚಿನ್ನಕ್ಕೆ 184 ರೂಪಾಯಿ, ಈಗ ನೋಡಿ ಒಂದು ಲಕ್ಷದ ಮೇಲೆ. ಕೆಳಗೆ ಅಳುವ ಗೊಂಬೆ, ಅದರ ಕೆಳಗೆ "ಆ ಕಾಲಾನೇ ಚೆನ್ನಾಗಿತ್ತು ಬಿಡಿ" ಅಂತ ನಾಲ್ಕು ಜನ. ನನಗೆ ಅದನ್ನ ನೋಡಿದಾಗೆಲ್ಲ ಬರೋದು ಒಂದೇ ಪ್ರಶ್ನೆ: ಆ 184 ರೂಪಾಯಿ ಕೈಗೆ ಬರಬೇಕಾದ್ರೆ ನಮ್ಮ ತಾತ ಎಷ್ಟು ಮೂಟೆ ರಾಗಿ ಮಾರಬೇಕಿತ್ತು? ಆ ಚಿತ್ರದಲ್ಲಿ ಅದು ಇರೋದಿಲ್ಲ. ಬೆಲೆಯ ಒಂದು ಬದಿ ಮಾತ್ರ ಇರುತ್ತೆ, ಆದಾಯದ ಬದಿ ಖಾಲಿ.

ಈ ವಾರ ರೋಗ, ಕೀಟ, ಗೊಬ್ಬರದ ಪ್ರಮಾಣ ಯಾವುದೂ ಬೇಡ. ಖರ್ಚು ಏರಿದ್ದನ್ನ ಅಳೆಯೋದು ಹೇಗೆ ಅಂತ ಬರೀತೀನಿ. ಇದು ಬರೀ ಹಳೇ ಕಾಲದ ನೆನಪಿನ ಮಾತಲ್ಲ. ಜಮೀನನ್ನ ಸೋಲಾರ್ ಕಂಪನಿಗೆ 25 ವರ್ಷಕ್ಕೆ ಕೊಡಬೇಕಾ, ಸಾಲ ಎಲ್ಲಿ ತಗೋಬೇಕು, ಮಾರಿದ ದುಡ್ಡು ಎಲ್ಲಿಡಬೇಕು ಅನ್ನೋ ತೀರ್ಮಾನಗಳು ಈಗ ನಿಮ್ಮ ವಯಸ್ಸಿನವರ ಕೈಯಲ್ಲೇ ಇವೆ. ಮೂರಕ್ಕೂ ಈ ಲೆಕ್ಕ ಬೇಕು.

ಸರ್ಕಾರದ ಅಳತೆ ಏನು ಹೇಳುತ್ತೆ?

ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ ಅಂತ ಒಂದಿದೆ. ಕೇಂದ್ರದ ಲೇಬರ್ ಬ್ಯೂರೋ ಇದನ್ನ ತಿಂಗಳು ತಿಂಗಳು ಪ್ರಕಟಿಸುತ್ತೆ. ಹಳ್ಳಿಯ ಕೂಲಿ ಮಾಡುವ ಕುಟುಂಬ ಏನೇನು ಕೊಳ್ಳುತ್ತೆ ಅಂತ ಒಂದು ಬುಟ್ಟಿ ಮಾಡಿ, ಆ ಬುಟ್ಟಿಯ ಬೆಲೆ ಎಷ್ಟಾಯ್ತು ಅಂತ ನೋಡೋದು. 1986-87ರಲ್ಲಿ ಆ ಬುಟ್ಟಿಗೆ 100 ಅಂತ ಇಟ್ಟರು. 2025ರ ಶುರುವಿನಲ್ಲಿ ಅದು 1,300 ಆಸುಪಾಸು ಇತ್ತು. ಅಂದರೆ ಅಂದು 100 ರೂಪಾಯಿಗೆ ಬರುತ್ತಿದ್ದ ಅಕ್ಕಿ, ಬೇಳೆ, ಬಟ್ಟೆ, ಸೌದೆಗೆ ಈಗ 1,300 ರೂಪಾಯಿ. 38 ವರ್ಷದಲ್ಲಿ 13 ಪಟ್ಟು.

ಈಗ ನಮ್ಮ ಬದಿಗೆ ಬನ್ನಿ. 1986-87ರಲ್ಲಿ ಸಾಧಾರಣ ಭತ್ತಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 146 ರೂಪಾಯಿ. 2024-25ರಲ್ಲಿ 2,300. ಸುಮಾರು 16 ಪಟ್ಟು. ರಾಗಿಗೆ ಅಂದು 132, 2024-25ರಲ್ಲಿ 4,290. ಅದು 32 ಪಟ್ಟು!

ನಿಲ್ಲಿ. ಖರ್ಚು 13 ಪಟ್ಟು, ರಾಗಿ ಬೆಲೆ 32 ಪಟ್ಟು ಅಂದ್ರೆ ರಾಗಿ ಬೆಳೆಯೋರೆಲ್ಲ ಇಷ್ಟೊತ್ತಿಗೆ ಸಾಹುಕಾರರಾಗಿರಬೇಕಿತ್ತು. ಆಗಿಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಅಂಕಿ ಸುಳ್ಳಲ್ಲ. ಆದ್ರೆ ಅದು ಹೇಳದೇ ಇರೋ ಮೂರು ವಿಷಯ ಇದೆ.

ಒಂದು, ಜಮೀನು. ಕೃಷಿ ಗಣತಿ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ಅಳತೆ 1970-71ರಲ್ಲಿ 3.20 ಹೆಕ್ಟೇರ್, ಅಂದ್ರೆ ಹೆಚ್ಚುಕಡಿಮೆ 8 ಎಕರೆ. 2015-16ಕ್ಕೆ ಅದು 1.36 ಹೆಕ್ಟೇರ್. 3 ಎಕರೆ 14 ಗುಂಟೆ. ಅಣ್ಣತಮ್ಮಂದಿರು ಭಾಗ ಆದಂಗೆ ಹೊಲ ಕರಗಿತು, ಆದ್ರೆ ಪ್ರತಿ ಭಾಗಕ್ಕೂ ಒಂದು ಪೂರ್ತಿ ಸಂಸಾರ. ಕ್ವಿಂಟಾಲಿನ ಬೆಲೆ ಏರಿದ್ರೂ ಮಾರೋಕೆ ಇರುವ ಕ್ವಿಂಟಾಲ್ ಎಷ್ಟು ಅನ್ನೋದೇ ಮುಖ್ಯ.

ಎರಡು, ಬೆಂಬಲ ಬೆಲೆ ಅನ್ನೋದು ಘೋಷಣೆ. ಖರೀದಿ ಕೇಂದ್ರ ತೆರೆಯೋ ಹೊತ್ತಿಗೆ ಸಾಲಗಾರ ಬಾಗಿಲಿಗೆ ಬಂದಿದ್ರೆ ಕಣದಲ್ಲೇ ಕಡಿಮೆಗೆ ಮಾರಿಹೋಗಿರುತ್ತೆ. ತರಕಾರಿಯಲ್ಲಂತೂ ಬೆಂಬಲ ಬೆಲೆಯ ಮಾತೇ ಇಲ್ಲ. ರಿಸರ್ವ್ ಬ್ಯಾಂಕಿನವರೇ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟೊಮೆಟೊಗೆ ಗ್ರಾಹಕ ಕೊಡುವ 100 ರೂಪಾಯಿಯಲ್ಲಿ ರೈತನಿಗೆ ಸಿಗೋದು 33 ರೂಪಾಯಿ, ಈರುಳ್ಳಿಯಲ್ಲಿ 36. ಟಿವಿಯಲ್ಲಿ "ಬೆಲೆ ಗಗನಕ್ಕೆ" ಅಂತ ಬಂದ ದಿನ ಕೋಲಾರದ ಹುಡುಗ ಶ್ರೀಮಂತ ಆದ ಅಂತ ಅಲ್ಲ.

ಮೂರನೇದೇ ದೊಡ್ಡದು. ಅದಕ್ಕೆ ಸ್ವಲ್ಪ ಜಾಗ ಬೇಕು.

ಬೆಲೆ ಏರಿದ್ದಕ್ಕಿಂತ ಪಟ್ಟಿ ಬೆಳೆದದ್ದು ಹೆಚ್ಚು

ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮಜ್ಜಿ ಸಂತೆಯಿಂದ ತರಿಸ್ತಿದ್ದ ಸಾಮಾನಿನ ಪಟ್ಟಿ ಒಂದು ಕೈಬೆರಳಲ್ಲಿ ಮುಗೀತಿತ್ತು: ಉಪ್ಪು, ಸೀಮೆಎಣ್ಣೆ, ಬೆಲ್ಲ, ಹೊಗೆಸೊಪ್ಪು, ವರ್ಷಕ್ಕೊಮ್ಮೆ ಬಟ್ಟೆ. ಬಿತ್ತನೆ ರಾಗಿ ಮನೆಯ ಕಣಜದ್ದು. ಗೊಬ್ಬರ ತಿಪ್ಪೆಯದ್ದು. ಉಳುಮೆಗೆ ಮನೆ ಎತ್ತು. ಕಳೆ, ಕೊಯ್ಲಿಗೆ ಮುಯ್ಯಾಳು: ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು. ಕುಳ ಹಣಿಯೋ ಕಮ್ಮಾರ, ನೇಗಿಲು ಮಾಡೋ ಬಡಗಿ, ಕ್ಷೌರದವರು ಎಲ್ಲರಿಗೂ ಸುಗ್ಗಿಯಲ್ಲಿ ಕಣದಲ್ಲೇ ಆಯ ಕೊಟ್ಟು ಮುಗಿಸೋದು. ಇದರಲ್ಲಿ ದುಡ್ಡು ಎಲ್ಲಿ ಬಂತು? ಅದು ಸುಖದ ಕಾಲ ಅಂತ ನಾನು ಹೇಳ್ತಿಲ್ಲ. ಆಯದ ಪದ್ಧತಿಯಲ್ಲಿ ಯಾರಿಗೆ ಎಷ್ಟು ಸಿಗ್ತಿತ್ತು, ಯಾರು ಹಿತ್ತಲ ಬಾಗಿಲಲ್ಲಿ ನಿಲ್ಲಬೇಕಿತ್ತು ಅನ್ನೋದು ಬೇರೆ ಕಥೆ. ಹೇಳೋಕೆ ಹೊರಟಿದ್ದು ಇಷ್ಟೇ: ಬೇಸಾಯದ ಬಹುಪಾಲು ಖರ್ಚು ರೂಪಾಯಿಯಲ್ಲಿ ಇರಲಿಲ್ಲ. ಇವತ್ತು ಟ್ರಾಕ್ಟರ್ ಗಂಟೆ ಲೆಕ್ಕ, ಬೀಜದ ಪಾಕೆಟ್, ಕಳೆನಾಶಕ, ಕೊಯ್ಲು ಯಂತ್ರ, ಎಲ್ಲದಕ್ಕೂ ಫೋನ್‌ಪೇ ಮಾಡಲೇಬೇಕು.

ಮನೆ ಒಳಗೂ ಹಾಗೇ. ಗ್ಯಾಸ್ ಸಿಲಿಂಡರ್, ಮೊಬೈಲ್ ರೀಚಾರ್ಜ್ ಮನೇಲಿ ನಾಲ್ಕು ಜನಕ್ಕೆ ನಾಲ್ಕು, ಬೈಕಿನ ಪೆಟ್ರೋಲು ಮತ್ತು ಇನ್ಶೂರೆನ್ಸು, ಮಕ್ಕಳ ಸ್ಕೂಲ್ ವ್ಯಾನು, ಟ್ಯೂಷನ್ನು, ಅಪ್ಪನ ಬಿಪಿ ಮಾತ್ರೆ. ಇವು ಯಾವುವೂ "ಬೆಲೆ ಏರಿದವು" ಅಲ್ಲ, ಅಜ್ಜಿಯ ಪಟ್ಟಿಯಲ್ಲಿ ಇರಲೇ ಇಲ್ಲ.

ಇದಕ್ಕೆ ಅಂಕಿಯೂ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ 1999-2000ದಲ್ಲಿ ದೇಶದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 486 ರೂಪಾಯಿ. 2023-24ರಲ್ಲಿ 4,122. ಹೆಚ್ಚುಕಡಿಮೆ ಎಂಟೂವರೆ ಪಟ್ಟು. ಅದೇ ಅವಧಿಯಲ್ಲಿ ಮೇಲೆ ಹೇಳಿದ ಬೆಲೆ ಸೂಚ್ಯಂಕ ಏರಿದ್ದು ಸುಮಾರು 4 ಪಟ್ಟು. ಸಮೀಕ್ಷೆಯ ವಿಧಾನ ನಡುವೆ ಒಂದಿಷ್ಟು ಬದಲಾಗಿದೆ, ಹಾಗಾಗಿ ಕಾಸಿಗೆ ಕಾಸು ಹೋಲಿಸೋದು ಸರಿಯಲ್ಲ, ಆದ್ರೂ ದಿಕ್ಕು ಸ್ಪಷ್ಟ. ಬೆಲೆಯಿಂದ ಆದ ಏರಿಕೆ 4 ಪಟ್ಟು. ಉಳಿದದ್ದು ನಾವು ಹೆಚ್ಚು ಮತ್ತು ಹೊಸದನ್ನು ಕೊಳ್ಳೋದರಿಂದ ಆದದ್ದು. ಊಟದ ಪಾಲು ನೋಡಿ: 1999-2000ದಲ್ಲಿ ಹಳ್ಳಿಯ ಖರ್ಚಿನಲ್ಲಿ ಶೇ 59 ತಿನ್ನೋದಕ್ಕೆ ಹೋಗ್ತಿತ್ತು, 2023-24ರಲ್ಲಿ ಶೇ 47. ನಾವು ಬೆಳೆಯೋದು ಅನ್ನ. ಜನರ ಜೇಬಿನಲ್ಲಿ ಅನ್ನದ ಪಾಲೇ ಕಿರಿದಾಗ್ತಿದೆ.

ಇನ್ನೊಂದು ತಮಾಷೆ ಇದೆ, ನಗು ಬರುವ ತಮಾಷೆ ಅಲ್ಲ. ಮೇಲಿನ ಸೂಚ್ಯಂಕದ ಬುಟ್ಟಿ ತಯಾರಾದದ್ದು 1983ರ ಸಮೀಕ್ಷೆ ಆಧಾರದಲ್ಲಿ. ನರೇಗಾ ಕೂಲಿಯನ್ನ ಪ್ರತಿ ವರ್ಷ ಏರಿಸ್ತಿದ್ದದ್ದು ಇದೇ ಸೂಚ್ಯಂಕ ನೋಡಿ. ಮೊಬೈಲೇ ಹುಟ್ಟದ ಕಾಲದ ಬುಟ್ಟಿ ಇಟ್ಟುಕೊಂಡು 2025ರವರೆಗೂ ಕೂಲಿ ಲೆಕ್ಕ ಹಾಕಿದ್ರು. 2025ರಲ್ಲಿ ಹೊಸ ಸರಣಿ ಬಂತು, ಅದಕ್ಕೆ 2019 ಆಧಾರ ವರ್ಷ. ಹಂಗಾಗಿ "ಹಣದುಬ್ಬರ ಇಷ್ಟೇ" ಅಂತ ಸುದ್ದಿ ಬಂದಾಗ ನಿಮ್ಮ ಮನೆ ಖರ್ಚು ಅದಕ್ಕಿಂತ ಜಾಸ್ತಿ ಏರಿದಂಗೆ ಅನ್ನಿಸಿದ್ರೆ, ನಿಮ್ಮ ತಲೆ ಕೆಟ್ಟಿಲ್ಲ. ನಿಮ್ಮ ಬುಟ್ಟಿ ಬೇರೆ.

ಒಂದು ಕ್ವಿಂಟಾಲಿಗೆ ಎಷ್ಟು ಆಳು?

ಹಾಗಾದ್ರೆ ಯಾವ ಅಳತೆ ಸರಿ? ನಾನು ಬಳಸೋದು ಸುಲಭದ್ದು. ಕೊಳ್ಳುವ ವಸ್ತುವಿನ ಬೆಲೆಯನ್ನ ರೂಪಾಯಿಯಲ್ಲಿ ನೋಡೋ ಬದಲು, ನಮ್ಮ ಒಂದು ಕ್ವಿಂಟಾಲ್ ಬೆಳೆಗೆ ಅದು ಎಷ್ಟು ಬರುತ್ತೆ ಅಂತ ನೋಡೋದು. ಕೂಲಿಯಿಂದ ಶುರು ಮಾಡೋಣ. ಕರ್ನಾಟಕದಲ್ಲಿ ನರೇಗಾ ಕೂಲಿ 2011-12ರಲ್ಲಿ ದಿನಕ್ಕೆ 125 ರೂಪಾಯಿ, 2025-26ರಲ್ಲಿ 370. ಹೊಲದ ಕೂಲಿ ಊರಿಂದೂರಿಗೆ ಬೇರೆ, ಹೆಚ್ಚಿನ ಕಡೆ ಇದಕ್ಕಿಂತ ಮೇಲೆ. ಹೋಲಿಕೆಗೆ ಮಾತ್ರ ಇದನ್ನ ಇಟ್ಕೊಳ್ಳೋಣ.

2011-12ರಲ್ಲಿ ಭತ್ತಕ್ಕೆ 1,080 ರೂಪಾಯಿ. ಒಂದು ಕ್ವಿಂಟಾಲ್ ಮಾರಿದ್ರೆ ಎಂಟೂವರೆ ಆಳಿನ ಕೂಲಿ. 2025-26ರಲ್ಲಿ 2,369. ಆರೂವರೆ ಆಳಿಗೂ ಸಾಲದು. ಮೆಕ್ಕೆಜೋಳ 980ರಿಂದ 2,400 ಆಯ್ತು: ಸುಮಾರು 8 ಆಳಿಂದ ಆರೂವರೆಗೆ ಇಳಿತು. ಕಬ್ಬಿನ ಎಫ್‌ಆರ್‌ಪಿ ಟನ್ನಿಗೆ 1,450ರಿಂದ 3,550: ಹನ್ನೊಂದೂವರೆಯಿಂದ ಒಂಬತ್ತೂವರೆಗೆ. ರಾಗಿ? 1,050 ಇದ್ದದ್ದು 4,886. ಎಂಟೂವರೆಗೆ ಸ್ವಲ್ಪ ಕಡಿಮೆ ಇದ್ದದ್ದು 13 ಆಳು ದಾಟಿತು.

ನೋಡಿ, ಒಂದೇ ರಾಜ್ಯ, ಒಂದೇ 14 ವರ್ಷ. ದಾವಣಗೆರೆಯ ಭತ್ತದವನಿಗೆ ಕೂಲಿ "ದುಬಾರಿ ಆಯ್ತು", ಬೆಂಬಲ ಬೆಲೆಗೆ ಮಾರೋಕೆ ಆದ ತುಮಕೂರಿನ ರಾಗಿಯವನಿಗೆ "ಅಗ್ಗ ಆಯ್ತು". ರಾಗಿಗೆ ದೊಡ್ಡ ನೆಗೆತ ಆದದ್ದು 2018-19ರಲ್ಲಿ, 1,900ರಿಂದ ಒಂದೇ ಸಲ 2,897ಕ್ಕೆ. ವೆಚ್ಚದ ಒಂದೂವರೆ ಪಟ್ಟು ಬೆಲೆ ಅನ್ನೋ ಸೂತ್ರ ಆ ವರ್ಷ ಜಾರಿಗೆ ಬಂತು. ಮನೆಯವರ ದುಡಿಮೆಯನ್ನ ವೆಚ್ಚದಲ್ಲಿ ಸೇರಿಸ್ತಾರೆ, ಸ್ವಂತ ಜಮೀನಿನ ಬಾಡಿಗೆಯನ್ನ ಸೇರಿಸಲ್ಲ. ಅದರ ಮೇಲಿನ ಜಗಳ ಇನ್ನೂ ನಡೀತಿದೆ.

ಗೊಬ್ಬರದ ಕಥೆ ಬೇರೆ ಥರ. 2010ರ ಏಪ್ರಿಲ್‌ವರೆಗೆ ಡಿಎಪಿ 50 ಕೆಜಿ ಚೀಲಕ್ಕೆ ತೆರಿಗೆ ಬಿಟ್ಟು 467 ರೂಪಾಯಿ 50 ಪೈಸೆ. ಪೊಟ್ಯಾಶ್ ಸುಮಾರು 223. ಆಮೇಲೆ ಪೋಷಕಾಂಶ ಆಧಾರಿತ ಸಬ್ಸಿಡಿ ಬಂತು. ಸರ್ಕಾರ ಕೆಜಿ ಪೋಷಕಾಂಶಕ್ಕೆ ಇಷ್ಟು ಅಂತ ಸಬ್ಸಿಡಿ ನಿಗದಿ ಮಾಡ್ತು, ಚೀಲದ ಬೆಲೆಯನ್ನ ಕಂಪನಿಗಳಿಗೆ ಬಿಡ್ತು. ಡಿಎಪಿ 1,350ಕ್ಕೆ ಬಂದು ನಿಂತಿತು. ಪೊಟ್ಯಾಶ್ 2022ರಲ್ಲಿ 1,700 ಮುಟ್ಟಿತ್ತು. 2009-10ರಲ್ಲಿ ಬೋನಸ್ ಸೇರಿ ಭತ್ತಕ್ಕೆ 1,000 ರೂಪಾಯಿ ಇತ್ತು, ಒಂದು ಕ್ವಿಂಟಾಲಿಗೆ ನಾಲ್ಕೂವರೆ ಚೀಲ ಪೊಟ್ಯಾಶ್ ಬರ್ತಿತ್ತು. 2022ರಲ್ಲಿ ಒಂದು ಚೀಲ, ಮೇಲೆ ಒಂದಿಷ್ಟು ಚಿಲ್ಲರೆ.

ಯೂರಿಯಾ ಮಾತ್ರ ಆ ಪದ್ಧತಿಯಿಂದ ಹೊರಗೆ ಉಳೀತು. 2012ರಿಂದ ಅದರ ಬೆಲೆ ಟನ್ನಿಗೆ 5,360 ರೂಪಾಯಿಗೇ ನಿಂತಿದೆ. 2018ರಲ್ಲಿ ಚೀಲ 50 ಕೆಜಿಯಿಂದ 45 ಕೆಜಿಗೆ ಇಳೀತು, ತುಂಬಾ ಜನ ಇದನ್ನ ಗುಟ್ಟಾದ ಬೆಲೆ ಏರಿಕೆ ಅಂದ್ಕೊಂಡಿದ್ದಾರೆ. ಅಲ್ಲ, ಕೆಜಿ ಲೆಕ್ಕದಲ್ಲಿ ಬೆಲೆ ಅಷ್ಟೇ ಇದೆ. ನಾವು ಎಕರೆಗೆ ಎಷ್ಟು ಚೀಲ ಅಂತ ಎಣಿಸಿ ಹಾಕೋರು, ಚೀಲ ಚಿಕ್ಕದಾದ್ರೆ ಬಳಕೆ ಕಮ್ಮಿ ಆಗುತ್ತೆ ಅನ್ನೋದು ಅದರ ಹಿಂದಿನ ಯೋಚನೆ. ನಿಜ ಹೇಳಬೇಕಂದ್ರೆ ಉಳಿದೆಲ್ಲ ಏರಿದ ಹೊತ್ತಲ್ಲಿ ಯೂರಿಯಾ ವರ್ಷ ವರ್ಷ ಅಗ್ಗ ಆಗ್ತಾ ಬಂತು. ಅದಕ್ಕೇ ಹೊಲಕ್ಕೆ ಸಾರಜನಕ ಸುರಿದು ಪೊಟ್ಯಾಶ್ ಮರೀತಿದ್ದೀವಿ. ಇದು ಮಣ್ಣಿನ ವಿಷಯ ಅಂತ ಕಂಡ್ರೂ ಬೇರು ಇರೋದು ಬೆಲೆಯಲ್ಲಿ.

ಡೀಸೆಲ್ ಬಗ್ಗೆ ಎರಡೇ ಮಾತು. 2014ರ ಅಕ್ಟೋಬರಿನಲ್ಲಿ ಕೇಂದ್ರ ಬೆಲೆ ನಿಯಂತ್ರಣ ತೆಗೀತು. 2025ರ ಏಪ್ರಿಲಿನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿ ಬೆಂಗಳೂರಲ್ಲಿ ಲೀಟರಿಗೆ 91 ರೂಪಾಯಿ ಆಯ್ತು. ಆ ಬೆಲೆಗೆ ಒಂದು ಕ್ವಿಂಟಾಲ್ ರಾಗಿಗೆ 53 ಲೀಟರ್, ಭತ್ತಕ್ಕೆ 26.

ಅಗ್ಗವಾದದ್ದೂ ಇದೆ, ಅದನ್ನೂ ಹೇಳಬೇಕು. ನೀವು ಈ ಲೇಖನ ಓದ್ತಿರೋ ಡೇಟಾ ಅದರಲ್ಲಿ ಒಂದು. 2016ರ ಸೆಪ್ಟೆಂಬರ್‌ಗೆ ಮುಂಚೆ 1 ಜಿಬಿಗೆ ಕೊಡ್ತಿದ್ದ ದುಡ್ಡಲ್ಲಿ ಈಗ ಒಂದು ತಿಂಗಳು ಓಡುತ್ತೆ.

ನಿಂತ ದುಡ್ಡು ಕರಗುತ್ತೆ

ಈಗ ನಿಮ್ಮ ತೀರ್ಮಾನಗಳಿಗೆ ಬರೋಣ. ಬೆಲೆ ಏರುವ ಕಾಲದಲ್ಲಿ ಅಪಾಯ ಇರೋದು ರೂಪಾಯಿಯಲ್ಲಿ ನಿಗದಿಯಾಗಿ, ಏರದೇ ನಿಂತ ಮೊತ್ತಕ್ಕೆ.

ಪಿಎಂ ಕಿಸಾನ್ ತಗೊಳ್ಳಿ. 2019ರ ಫೆಬ್ರವರಿಯಿಂದ ವರ್ಷಕ್ಕೆ 6,000. ಆ ಸುಗ್ಗಿಯ ರಾಗಿ ಬೆಲೆ 2,897, ಅಂದ್ರೆ ಆ ದುಡ್ಡು 2 ಕ್ವಿಂಟಾಲ್ 7 ಕೆಜಿ ರಾಗಿಗೆ ಸಮ. 2025-26ರಲ್ಲಿ ಅದೇ 6,000 ಬರೀ 1 ಕ್ವಿಂಟಾಲ್ 23 ಕೆಜಿ. ಯಾರೂ ಕಡಿತ ಮಾಡಲಿಲ್ಲ, ಆದ್ರೂ ಕಡಿಮೆ ಆಯ್ತು.

ಇದೇ ಲೆಕ್ಕವನ್ನ ಸೋಲಾರ್ ಗುತ್ತಿಗೆಗೆ ಹಾಕಿ. ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟವರಿಗೆ ನಿಗದಿಯಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಕೈಕೊಟ್ಟು ಶೇಂಗಾ ಒಣಗುವ ಆ ನೆಲದಲ್ಲಿ ಚಿಂತೆಯಿಲ್ಲದೆ ಬರುವ 21,000 ಸಣ್ಣ ಮಾತಲ್ಲ. ಕೊಟ್ಟವರನ್ನ ನಾನು ದಡ್ಡರು ಅನ್ನಲ್ಲ. ಆದ್ರೆ ಎರಡು ವರ್ಷಕ್ಕೆ ಶೇ 5 ಅಂದ್ರೆ ವರ್ಷಕ್ಕೆ ಎರಡೂವರೆ. ಹಣದುಬ್ಬರ ಎಷ್ಟಿರಬೇಕು ಅಂತ ರಿಸರ್ವ್ ಬ್ಯಾಂಕಿಗೆ ಇರೋ ಗುರಿಯೇ ಶೇ 4, ಮೇಲೆ ಕೆಳಗೆ 2. ಅಂದ್ರೆ ಎಲ್ಲ ಸರಿಯಾಗಿ ನಡೆದ್ರೂ ಬಾಡಿಗೆ ಬೆಲೆಗಿಂತ ಹಿಂದೆ ಬೀಳುತ್ತೆ.

2016-17ರಲ್ಲಿ ರಾಗಿ ಬೆಂಬಲ ಬೆಲೆ 1,725 ಇತ್ತು. 21,000 ಅಂದ್ರೆ 12 ಕ್ವಿಂಟಾಲ್. ನಾಲ್ಕು ಸಲ ಶೇ 5 ಏರಿದ್ರೆ 25,500 ಚಿಲ್ಲರೆ, 2025-26ರ ಬೆಲೆಯಲ್ಲಿ 5 ಕ್ವಿಂಟಾಲಿಗೆ ತುಸು ಮೇಲೆ. ಮುಂದಕ್ಕೆ ನೋಡಿದ್ರೆ, ಇಂಥದೇ ಕರಾರು ಇವತ್ತು ಮಾಡಿ, ಹಣದುಬ್ಬರ ವರ್ಷಕ್ಕೆ ಶೇ 5 ಇದ್ದರೆ, 25ನೇ ವರ್ಷ ಕೈಗೆ ಬರೋದು 37,700 ರೂಪಾಯಿ. ಅದಕ್ಕೆ ಇವತ್ತಿನ ಬೆಲೆಯಲ್ಲಿ 11,700 ರೂಪಾಯಿಯ ಸಾಮಾನು ಬರುತ್ತೆ. ನಿಮ್ಮೂರಿಗೆ ಇಂಥ ಕಂಪನಿ ಬಂದ್ರೆ ಮೊದಲ ವರ್ಷದ ಮೊತ್ತಕ್ಕಿಂತ ಏರಿಕೆಯ ಷರತ್ತಿನ ಮೇಲೆ ಚೌಕಾಶಿ ಮಾಡಿ. ವರ್ಷಾ ವರ್ಷಾ ಶೇ 5 ಕೇಳಿ, ಇಲ್ಲಾ ಎಕರೆಗೆ ಇಷ್ಟು ಕ್ವಿಂಟಾಲ್ ರಾಗಿಯ ಆ ವರ್ಷದ ಬೆಂಬಲ ಬೆಲೆ ಅಂತ ಬರೆಸಿ. ಒಪ್ತಾರೋ ಬಿಡ್ತಾರೋ, ಕೇಳದೇ ಸಹಿ ಹಾಕಬೇಡಿ. ಸಹಿಗೆ ಮುಂಚೆ ಕಾಗದವನ್ನ ಒಬ್ಬ ವಕೀಲರಿಗೆ ತೋರಿಸೋ ಖರ್ಚು ದಂಡ ಅಲ್ಲ.

ಮನೆಯಲ್ಲಿಟ್ಟ ದುಡ್ಡಿಗೆ ಒಂದು ಸುಲಭ ಸೂತ್ರ: 72ನ್ನ ಹಣದುಬ್ಬರದಿಂದ ಭಾಗಿಸಿ. ಶೇ 6 ಇದ್ರೆ 12 ವರ್ಷದಲ್ಲಿ ಬೆಲೆ ದುಪ್ಪಟ್ಟು, ಅಂದ್ರೆ ಬೀರುವಿನಲ್ಲಿರೋ ಲಕ್ಷ ರೂಪಾಯಿಯ ಕಸುವು ಅರ್ಧ. ಉಳಿತಾಯ ಖಾತೆಯ ಶೇ 3ರ ಆಸುಪಾಸಿನ ಬಡ್ಡಿ ಇದನ್ನ ತಡೆಯಲ್ಲ. ತಿಂಗಳಲ್ಲಿ ಬೇಕಾಗೋ ದುಡ್ಡು ಅಲ್ಲಿರಲಿ, ಆರು ತಿಂಗಳ ಮೇಲೆ ಬೇಡದ್ದನ್ನ ಠೇವಣಿಗೆ ಹಾಕಿ.

ಸಾಲದಲ್ಲಿ ಇದೇ ಗಾಳಿ ಉಲ್ಟಾ ಬೀಸುತ್ತೆ. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲದ ಮಿತಿ ನಮ್ಮ ರಾಜ್ಯದಲ್ಲಿ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಲಕ್ಷ ತಗೊಂಡು ವರ್ಷದ ಮೇಲೆ ಲಕ್ಷವನ್ನೇ ಕಟ್ಟಿದ್ರೆ, ಬೆಲೆ ಶೇ 5 ಏರಿದ ಲೆಕ್ಕದಲ್ಲಿ ನೀವು ತೀರಿಸಿದ್ದು ಸುಮಾರು 95,000ದಷ್ಟು ಮಾತ್ರ. ಗಡುವು ತಪ್ಪಿದ್ರೆ ಈ ಲಾಭ ಹೋಗುತ್ತೆ, ಬಡ್ಡಿ ಶುರುವಾಗುತ್ತೆ. ಕೈಸಾಲದಲ್ಲಿ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಶೇ 36. ಯಾವ ಬೆಳೆಯ ಬೆಲೆಯೂ ವರ್ಷ ವರ್ಷ ಅಷ್ಟು ಏರಲ್ಲ.

ಫೋನಲ್ಲಿ ಮಾಡಿಕೊಳ್ಳಬಹುದಾದ ಪಟ್ಟಿ

ಫೋನಿನ ನೋಟ್ಸ್‌ನಲ್ಲೋ ಶೀಟ್ಸ್‌ನಲ್ಲೋ ಐದು ಸಾಲು ಬರೆದಿಡಿ: ನಿಮ್ಮೂರಿನ ಆಳಿನ ಕೂಲಿ, ಟ್ರಾಕ್ಟರ್ ಒಂದು ಗಂಟೆ, ಡಿಎಪಿ ಚೀಲ, ಡೀಸೆಲ್ ಲೀಟರು, ಮಗುವಿನ ಒಂದು ವರ್ಷದ ಫೀಸು. ಪ್ರತಿ ಸುಗ್ಗಿಯಲ್ಲಿ ನಿಮಗೆ ಕೈಗೆ ಬಂದ ಬೆಲೆಯಿಂದ ಇವನ್ನ ಭಾಗಿಸಿ. ಘೋಷಣೆಯಾದ ಬೆಲೆ ಬೇಡ, ಹಮಾಲಿ, ಸಾಗಣೆ ಕಳೆದು ಕೈಗೆ ಬಂದದ್ದು. ಹಳೇ ವರ್ಷದ ಅಂಕಿಗೆ ಎಪಿಎಂಸಿ ಚೀಟಿ, ಸೊಸೈಟಿ ರಸೀದಿ ಹುಡುಕಿ, ಅಪ್ಪಂದಿರು ಟ್ರಂಕಿನಲ್ಲಿ ಇಟ್ಟಿರ್ತಾರೆ.

ಎರಡು ಬೆಳೆ ಬೆಳೆಯೋರು ಎರಡಕ್ಕೂ ಬೇರೆ ಬೇರೆ ಮಾಡಿ. ಆಳು ಹೆಚ್ಚು ಬೇಡುವ ಬೆಳೆಯಲ್ಲಿ ಆಳಿನ ಸಾಲಿನ ಅಂಕಿ ಮೂರು ವರ್ಷ ಸತತ ಏರ್ತಿದ್ರೆ, ಯಂತ್ರ ಬಾಡಿಗೆಗೆ ತರೋದೋ ಆ ಬೆಳೆಯ ಎಕರೆ ಕಮ್ಮಿ ಮಾಡೋದೋ ಅನ್ನೋದನ್ನ ಮುಂದಿನ ಬಿತ್ತನೆಗೆ ಮುಂಚೆ ಮನೆಯಲ್ಲಿ ಕೂತು ಮಾತಾಡಿ. ಫೀಸಿನ ಸಾಲನ್ನ ಮೊದಲು ಭರ್ತಿ ಮಾಡಿ. ಅದರ ರಸೀದಿ ಎಲ್ಲರ ಮನೆಯಲ್ಲೂ ಇರುತ್ತೆ, ಮತ್ತು ಅದು ಎಷ್ಟು ಕ್ವಿಂಟಾಲ್ ಅಂತ ಇದುವರೆಗೆ ಹೆಚ್ಚಿನವರು ಎಣಿಸಿರೋದಿಲ್ಲ.